ಕೆಂಪು ಗುಂಡಿಯ ಅಂಗಿ

ಟೈಲರಮ್ಮನಿಗೆ ನಿನ್ನೆ ಮಗನ ಹೆಣ ಕೊಟ್ಟಿದ್ದ ಇನ್ಸ್‌ಪೆಕ್ಟರ್ ಇವತ್ತು ಠಾಣೆಯಲ್ಲಿ ಒಂದು ಪೊಟ್ಟಣವನ್ನು ಮೇಜಿನ ಮೇಲೆ ತಳ್ಳಿದ. “ತಾನಾಗೇ ಹೊಳೆಗೆ ಹಾರಿದ್ದಾನಮ್ಮ. ದಡದಲ್ಲಿ ಬಿಚ್ಚಿಟ್ಟಿದ್ದ ಅಂಗಿ ಇದು.”

ಅವಳು ಬಿಡಿಸಿ ನೋಡಿದಳು. ಬಿಳಿ ಅಂಗಿಯ ಬಿಳಿ ಗುಂಡಿಗಳ ನಡುವೆ ಒಂದೇ ಒಂದು ಕೆಂಪು ಗುಂಡಿ. ಇದು ಮಗನದಲ್ಲ, ಅವನ ಗೆಳೆಯನದು. “ಯಾವ್ದಾದ್ರೂ ಹಾಕಿ ಅತ್ತೆ, ಘೋಷಣೆ ಕೂಗೋನ ಗುಂಡಿ ಯಾರು ನೋಡ್ತಾರೆ?” ಎಂದು, ಇಬ್ಬರೂ ಮೆರವಣಿಗೆಗೆ ಹೊರಟ ಬೆಳಿಗ್ಗೆ ಆ ಗೆಳೆಯ ನಕ್ಕಿದ್ದ; ಹೊಲಿದುಕೊಟ್ಟವಳು ಇವಳೇ. ಅಂದಿನಿಂದ ಕಾಣೆಯಾದ ಅವನನ್ನು ಕಣ್ಣಲ್ಲೂ ಕಂಡಿಲ್ಲ ಎಂದು ಇದೇ ಇನ್ಸ್‌ಪೆಕ್ಟರ್ ಆ ಹುಡುಗನ ತಾಯಿಯನ್ನು ವಾರದಿಂದ ಠಾಣೆಯ ಗೇಟಿನಾಚೆ ನಿಲ್ಲಿಸಿದ್ದ.

“ನಿಮ್ಮ ಹುಡುಗಂದೇ ತಾನೇ?”

ಅಲ್ಲ ಎಂದರೆ ಅಂಗಿಯೂ ಮಾಯವಾಗುತ್ತಿತ್ತು. ಹಲ್ಲು ಕಚ್ಚಿ “ಹೂಂ” ಎಂದಳು.

ಗೇಟಿನಾಚೆ ಬಂದವಳೇ ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ನೋಡಕ್ಕಾ, ನಿನ್ನ ಮಗನ ಅಂಗಿ! ಅವನನ್ನ ಕಂಡೇ ಇಲ್ಲ ಅಂದೋರು ಇದನ್ನ ಯಾರ ಮೈಯಿಂದ ಬಿಚ್ಚಿದ್ರು ಅಂತ ಕೇಳೋಣ ಬಾ!”