ಬಿಗಿ, ಸಡಿಲ

ಗಾಳದ ದಾರ ಸುತ್ತುವ ಹೊಸ ರೀಲಿನ ಬ್ರೇಕು ಎಷ್ಟು ಬಿಗಿಯಿರಬೇಕೆಂದು ನೋಡಲು ಅವನು ಹೆಂಡತಿಯನ್ನೇ ಮೀನು ಮಾಡಿದ.

"ಗಾಳ ಹಿಡ್ಕಂಡ್ ಓಡ್. ದೊಡ್ಡ ಮೀನ್ ಎಳ್ದಂಗೆ ಎಳಿ."

"ನಂಗೆ ಬೇರೆ ಕೆಲ್ಸ ಇಲ್ಯಾ?" ಸಿಗಡಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಅವಳು ಗಾಳ ಹಿಡಿದು ದಂಡೆಯ ಮೇಲಿನ ದೋಣಿಗಳ ಮರೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ದಾರ ಕಡಲಿನತ್ತ ಸರ್ರನೆ ಹರಿಯಿತು. ಹೆಂಗಸಿನ ಬಲವಲ್ಲ ಅದು. ತೆರೆ ಎಳೆದೊಯ್ದಿರಬೇಕು! ಅವಳಿಗೆ ಈಜು ಬಾರದು.

"ಬಿಡ್ಬೇಡ ಮಾರಾಯ್ತಿ, ದಾರ ಕೈಗೆ ಸುತ್ಕೊ!"

ಆಸೆಗೆ ಬಿದ್ದು ಬಿಗಿಯಾಗಿ ಎಳೆದು ಎಷ್ಟೋ ದೊಡ್ಡ ಮೀನು ಕಳೆದುಕೊಂಡಿದ್ದವನು, ದಾರ ಕಡಿದೀತೆಂದು ಹೆದರಿ ಬ್ರೇಕು ಸಡಿಲಿಸಿದ. ಬಿಟ್ಟು ಬಿಟ್ಟು ಎಳೆದ. ಅಳುತ್ತಳುತ್ತಲೇ ಸುತ್ತಿದ.

ಬೆನ್ನ ಹಿಂದಿನಿಂದ ಅವಳ ದನಿ ಬಂತು: "ಓಡಿ ಸಾಕಾಯ್ತ್, ಗಾಳಕ್ಕೆ ಸಿಗಡಿ ಸಿಕ್ಸಿ ನೀರಿಗೆ ಎಸ್ದೆ. ಮೀನ್ ಸಿಕ್ಕಿದ್ದಕ್ಕೆ ಯಾರಾರೂ ಅಳ್ತ್ರಾ?"