ಓಟದ ಮಸುಕು

ತಂಗಿ ಮೌಸ್ ಒತ್ತಿದೊಡನೆ ಪರದೆಯ ಮೇಲೆ ಓಡುತ್ತಿದ್ದ ಮಕ್ಕಳೆಲ್ಲ ಮಸುಕಾದರು. ತಮ್ಮ ಚಿಕ್ಕಂದಿನ ಬೀದಿಯಾಟದ ಅನಿಮೇಷನ್ನಿಗೆ ಅವಳು ಕೊನೆಯದಾಗಿ ಮೋಷನ್ ಬ್ಲರ್ ಸೇರಿಸುತ್ತಿದ್ದಳು. ವೇಗ ಹೆಚ್ಚಿದಷ್ಟೂ ಗೆರೆ ಕಲಸಿಹೋಗುವುದು ಅದರ ನಿಯಮ. ಅವಳ ಜಡೆ, ಅಕ್ಕನ ಲಂಗ ಬರೀ ಬಣ್ಣದ ಎಳೆಗಳಾದವು. ಎಲ್ಲರ ಹಿಂದೆ ಕಾಲೆಳೆಯುತ್ತ ಬರುತ್ತಿದ್ದ ಹುಡುಗನೊಬ್ಬನೇ, ಅಂಗಿಯ ತೇಪೆ ಕೂಡ ಕಾಣುವಷ್ಟು, ನಿಚ್ಚಳವಾಗಿ ಉಳಿದ.

ಆ ಹುಡುಗ ಈಗ ನರೆತ ತಲೆಯ ಅಣ್ಣನಾಗಿ ಪಕ್ಕದಲ್ಲೇ ಕೂತಿದ್ದ. "ಆಗ ನಿನ್ನ ಬಿಟ್ಟು ಓಡ್ತಿದ್ವಿ. ಇಲ್ಲಾದ್ರೂ ನಮ್ಮ ಜೊತೆ ಓಡಿಸ್ಲೇನೋ?" ಎಂದಳು ತಂಗಿ, ಅವನತ್ತ ತಿರುಗದೆ.

ಅಣ್ಣ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗಿದ. "ಬೇಡ ಕಣೇ. ಮುಂದೆ ಓಡಿದವರ ಮೂತಿ ಒಂದಾದ್ರೂ ಕಾಣತ್ತಾ ನೋಡು. ನಾನೂ ಓಡಿಬಿಟ್ರೆ, ನಾವೆಲ್ಲ ಹೇಗಿದ್ವಿ ಅಂತ ಯಾರನ್ನ ತೋರಿಸ್ತೀಯ?"