ಅಲೆಗಳಿದ್ದ ಬಂಡೆ

ದೀಪಾವಳಿಯ ಮದ್ದಿನ ವಾಸನೆ ಬಂದರೆ ನನಗೆ ಈಗಲೂ ಕೊಣ್ಣೂರಿನ ಗುಡ್ಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ಆ ಗುಡ್ಡದಲ್ಲಿ ಉಳಿ ಹಿಡಿದು ಬೀಸುವ ಕಲ್ಲು ಕಡೆಯುತ್ತಿದ್ದ. ಅಪ್ಪನಿಗೆ ಅದೇ ಗುಡ್ಡಕ್ಕೆ ಮದ್ದಿಟ್ಟು, ಹೊಸ ಮೋಟಾರು ರಸ್ತೆಗೆ ಖಡಿ ಒಡೆಯುವ ಕೆಲಸ ಸಿಕ್ಕಿತ್ತು. ನಾನು ಇಬ್ಬರಿಗೂ ಬುತ್ತಿ ಒಯ್ದಿದ್ದೆ. ಅಜ್ಜ ನನ್ನ ಕೈ ಹಿಡಿದು ಒಂದು ಹಾಸುಬಂಡೆಯ ಮೇಲೆ ಆಡಿಸಿದ. ಹೊಳೆದಂಡೆಯ ಉಸುಕಿನಲ್ಲಿ ಮೂಡುವಂಥ ಸಣ್ಣ ಅಲೆಗಳು ಆ ಕಲ್ಲಿನಲ್ಲಿದ್ದವು.

"ಇಲ್ಲಿ ಒಂದ ಕಾಲಕ್ಕ ನೀರಿತ್ತವ್ವಾ. ಮನಶ್ಯಾರು ಹುಟ್ಟೂದಕ್ಕಿಂತ ಮೊದಲ," ಎಂದ.

ಅಷ್ಟರಲ್ಲಿ ಅಪ್ಪ ಬಂದು, "ಯಪ್ಪಾ, ಏಳ್ರಿ. ಇದಕ್ಕ ಮದ್ದ ತುಂಬಬೇಕು," ಎಂದ.

"ಇದೊಂದ ಬಿಡೋ," ಎಂದ ಅಜ್ಜ.

"ನಾ ಬಿಟ್ರ ನಾಳೆ ಮತ್ತೊಬ್ಬ ಬಂದು ಒಡೀತಾನ್ರಿ." ಅಪ್ಪ ಅಜ್ಜನ ಮುಖ ನೋಡಲಿಲ್ಲ.

ನಾನೂ ಅಜ್ಜನೂ ದೂರದ ಬೇವಿನ ಮರದ ಮರೆಯಲ್ಲಿ ಕುಳಿತೆವು. ಸದ್ದಿಗೆ ನೆಲ ನಡುಗಿತು. ಹೊಗೆ ಸರಿದಾಗ ಬಂಡೆ ಇದ್ದಲ್ಲಿ ಚೂರುಗಳಷ್ಟೇ ಇದ್ದವು.

"ಅಜ್ಜಾ, ಅಂಥಾ ಕಲ್ಲು ಮತ್ತ ಆಗತೈತೇನು?" ಎಂದು ಕೇಳಿದೆ.

"ಆಗತೈತಿ. ನೋಡಾಕ ನಾವ್ಯಾರೂ ಇರೂದಿಲ್ಲ," ಎಂದು ಅಜ್ಜ ಉಳಿಗಳನ್ನು ಒಂದೊಂದಾಗಿ ಅರಿವೆಯಲ್ಲಿ ಸುತ್ತಿದ.

ಮರುದಿನದಿಂದ ಅವನು ಗುಡ್ಡಕ್ಕೆ ಹೋಗಲಿಲ್ಲ. ಅಪ್ಪ ಅವನ ಎದುರು ಕೂತು ಊಟ ಮಾಡಿದ್ದನ್ನು ನಾನು ಆಮೇಲೆ ಕಾಣಲಿಲ್ಲ.